ಅಮ್ಮನ ತಿಂಗಳ ಮಾತ್ರೆಗಳು: ರಿಯಾಯಿತಿ ಕೊಡುವ ಆ್ಯಪ್, ಪರಿಚಯದ ಮೆಡಿಕಲ್ ಶಾಪ್, ಜನೌಷಧಿ ಕೇಂದ್ರ, ಇವುಗಳಲ್ಲಿ ಯಾವುದು?

ತುಮಕೂರು ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಪ್ರೌಢಶಾಲಾ ಶಿಕ್ಷಕ. ನಮ್ಮ ತಾಯಿಗೆ ಈಗ 72 ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ, ಬಿಪಿ ಮತ್ತು ಥೈರಾಯ್ಡ್ ತೊಂದರೆ ಅದಕ್ಕೂ ಹಳೆಯವು. ಎರಡು ವರ್ಷಗಳ ಹಿಂದೆ ಹೃದಯ ಸ್ವಲ್ಪ ದುರ್ಬಲವಾಗಿದೆಯೆಂದು ವೈದ್ಯರು ಇನ್ನೊಂದು ಮಾತ್ರೆಯನ್ನು ಸೇರಿಸಿದರು. ಚೀಟಿಯಲ್ಲಿರುವುದೆಲ್ಲ ಬ್ರ್ಯಾಂಡ್ ಹೆಸರುಗಳೇ. ಸ್ಟ್ರಿಪ್ಪಿನ ಹಿಂಭಾಗದ ಸಣ್ಣ ಅಕ್ಷರಗಳನ್ನು ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ಓದಿ ತಯಾರಿಸಿದ ಪಟ್ಟಿ ಹೀಗಿದೆ: ಮೆಟ್‌ಫಾರ್ಮಿನ್ (ಸಕ್ಕರೆಗೆ), ಟೆಲ್ಮಿಸಾರ್ಟಾನ್ (ಬಿಪಿಗೆ), ಅಟೊರ್ವಾಸ್ಟಾಟಿನ್ (ಕೊಲೆಸ್ಟ್ರಾಲ್‌ಗೆ), ಎಂಪಾಗ್ಲಿಫ್ಲೋಜಿನ್ (ಹೃದಯಕ್ಕೆಂದು ಸೇರಿಸಿದ್ದು), ಲೆವೊಥೈರಾಕ್ಸಿನ್ (ಥೈರಾಯ್ಡ್‌ಗೆ), ಒಂದು ಕ್ಯಾಲ್ಸಿಯಂ ಮಾತ್ರೆ, ಮತ್ತು ಪಾದ ಜುಮುಗುಟ್ಟುತ್ತದೆ ಎಂದಾಗ ಬರೆದುಕೊಟ್ಟ ನರದ ವಿಟಮಿನ್ ಮಾತ್ರೆ. ಕಳೆದ ತಿಂಗಳ ಬಿಲ್ಲು 3,420 ರೂಪಾಯಿ ಆಯಿತು.

ಈ ಎಲ್ಲ ಮಾತ್ರೆಗಳನ್ನು ನಾವು ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲೇ ಕೊಳ್ಳುತ್ತೇವೆ. ಅಂಗಡಿಯವರು ಇಪ್ಪತ್ತು ವರ್ಷಗಳ ಪರಿಚಯದವರು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ಅವರಿಗೆ ಗೊತ್ತು. ಹಾಗಾಗಿ ಪ್ರತಿ ಸ್ಟ್ರಿಪ್ಪಿನ ಮೇಲೂ ‘ಬೆಳಗ್ಗೆ 1, ತಿಂಡಿಗೆ ಮುಂಚೆ’, ‘ರಾತ್ರಿ 1, ಊಟ ಆದ ಮೇಲೆ’ ಎಂದು ಕಪ್ಪು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದುಕೊಡುತ್ತಾರೆ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ಉದ್ರಿಯನ್ನೂ ಕೊಟ್ಟಿದ್ದಾರೆ. ಆದರೆ ಎಂಆರ್‌ಪಿಯಲ್ಲಿ ಒಂದು ಪೈಸೆಯನ್ನೂ ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿ ಔಷಧ ತರಿಸುವ ಆ್ಯಪೊಂದನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. ಇದೇ ಪಟ್ಟಿಯನ್ನು ಅದರಲ್ಲಿ ಹಾಕಿದರೆ ಶೇ. 18ರಷ್ಟು ರಿಯಾಯಿತಿ ತೋರಿಸಿ ಸುಮಾರು 2,800 ರೂಪಾಯಿಗೆ ಬರುತ್ತದೆ. ಸಹೋದ್ಯೋಗಿಯೊಬ್ಬರು, ಕೇಂದ್ರ ಸರ್ಕಾರದ ಯೋಜನೆಯಲ್ಲಿ ಅಗ್ಗದ ಔಷಧ ಮಾರುವ ಜನೌಷಧಿ ಕೇಂದ್ರಕ್ಕೆ ಹೋಗಲು ಹೇಳುತ್ತಾರೆ. ಅಮ್ಮನದು ಒಂದೇ ಹಟ: ‘ಕಾಣದವರ ಕೈಯಿಂದ ಬಂದ ಗುಳಿಗೆ ನನಗೆ ಬೇಡ.’ ತಿಂಗಳಿಗೆ ಆರುನೂರು ರೂಪಾಯಿಯ ಉಳಿತಾಯಕ್ಕಾಗಿ ಆ ಪೆನ್ನಿನ ಅಕ್ಷರಗಳನ್ನು ಬಿಟ್ಟುಕೊಡುವುದು ಸರಿಯೋ ಅಲ್ಲವೋ ಎಂದು ತೀರ್ಮಾನಿಸಲಾಗದೆ ಇಲ್ಲಿ ಕೇಳುತ್ತಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬೆಣ್ಣೆನಗರಿ ಫಾರ್ಮಸಿಸ್ಟ್

ಮೇಷ್ಟ್ರೇ, ನಾನು ದಾವಣಗೆರೆಯಲ್ಲಿ 23 ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಆದ್ದರಿಂದ ನನ್ನ ಮಾತಿನಲ್ಲಿ ಸ್ವಪಕ್ಷಪಾತ ಇರಬಹುದೆಂಬ ಎಚ್ಚರಿಕೆಯಿಂದಲೇ ಓದಿಕೊಳ್ಳಿ. ಯಾವ ಅಂಗಡಿಗೆ ಹೋಗಬೇಕೆಂದು ನೀವು ಕೇಳಿದ್ದೀರಿ. ಆದರೆ ನಿಮ್ಮ ಪಟ್ಟಿಯ ನಾಲ್ಕನೆಯ ಹೆಸರನ್ನು ನೋಡಿದ ಕೂಡಲೇ, ಹಣ ಸೋರುತ್ತಿರುವುದು ಅಂಗಡಿಯಲ್ಲಲ್ಲ, ಚೀಟಿಯಲ್ಲಿ ಎಂದು ನನಗೆ ಅನ್ನಿಸಿತು.

ಎಂಪಾಗ್ಲಿಫ್ಲೋಜಿನ್ ಮಾತ್ರೆಗೆ ಭಾರತದಲ್ಲಿದ್ದ ಪೇಟೆಂಟ್, ಅಂದರೆ ಮೂಲ ಕಂಪನಿಗಷ್ಟೇ ಇದ್ದ ಹಕ್ಕು, 2025ರ ಮಾರ್ಚ್‌ನಲ್ಲಿ ಮುಗಿಯಿತು. ಅಲ್ಲಿಯವರೆಗೆ ಒಂದು ಮಾತ್ರೆ 60 ರೂಪಾಯಿಯ ಆಸುಪಾಸಿನಲ್ಲಿತ್ತು, ತಿಂಗಳಿಗೆ 1,800 ರೂಪಾಯಿ. ಪೇಟೆಂಟ್ ಮುಗಿದ ಆ ವಾರದಲ್ಲೇ ನಮ್ಮ ದೇಶದ ಹಲವು ಕಂಪನಿಗಳು ಅದೇ ಔಷಧವನ್ನು ತಮ್ಮ ತಮ್ಮ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟವು. ಹತ್ತು ರೂಪಾಯಿಗೂ ಕಡಿಮೆಯವು, ಹದಿನೈದರ ಸುತ್ತಲಿನವು, ಹೀಗೆ ಹಲವು ಬಗೆ ನನ್ನ ಕಪಾಟಿಗೇ ಬಂದವು. ನಿಮ್ಮ ಬಿಲ್ಲಿನ ಮೊತ್ತವನ್ನು ನೋಡಿದರೆ ತಾಯಿಯವರ ಚೀಟಿಯಲ್ಲಿ ಇಂದಿಗೂ ಎರಡು ವರ್ಷದ ಹಿಂದಿನ ಮೂಲ ಬ್ರ್ಯಾಂಡೇ ಇರುವಂತಿದೆ. ಆ್ಯಪ್ ಅದಕ್ಕೆ ಶೇ. 18 ಬಿಟ್ಟರೆ 60 ರೂಪಾಯಿಯ ಮಾತ್ರೆ 49ಕ್ಕೆ ಬರುತ್ತದೆ, ನೀವು ಸಂತೋಷಪಡುತ್ತೀರಿ. ಅದೇ ಔಷಧದ ಇನ್ನೊಂದು ಬ್ರ್ಯಾಂಡ್ ಯಾವ ರಿಯಾಯಿತಿಯೂ ಇಲ್ಲದೆ 12 ರೂಪಾಯಿಗೆ ಪಕ್ಕದಲ್ಲೇ ಕುಳಿತಿರುತ್ತದೆ. ರಿಯಾಯಿತಿ ಎಂಬುದು ಅಚ್ಚಾದ ಬೆಲೆಯ ಮೇಲಿನ ಲೆಕ್ಕ. ಆ ಅಚ್ಚಾದ ಬೆಲೆಯೇ ಐದು ಪಟ್ಟು ಇದ್ದರೆ ಲೆಕ್ಕದಿಂದ ಏನು ಪ್ರಯೋಜನ?

ಹಾಗಿದ್ದರೆ ನಿಮ್ಮ ಅಂಗಡಿಯವರು ಏಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಅವರ ಲಾಭವೂ ಒಂದು ಕಾರಣವಿರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಕಾನೂನಿನ ಕಾರಣವೂ ಇದೆ. 1945ರ ಔಷಧ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್ ಔಷಧಗಳ (ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬಹುದಾದವುಗಳ) ವಿಷಯದಲ್ಲಿ, ವೈದ್ಯರು ಬರೆದ ತಯಾರಿಕೆಗೆ ಬದಲಾಗಿ ಬೇರೊಂದನ್ನು, ಅದರೊಳಗಿನ ಔಷಧ ಅದೇ ಆಗಿದ್ದರೂ, ನಾವು ಕೊಡುವಂತಿಲ್ಲ. ವ್ಯವಹಾರದಲ್ಲಿ ಎಷ್ಟೋ ಕಡೆ ಕೊಡುತ್ತಾರೆ, ಅದು ಬೇರೆ ಮಾತು. ವೈದ್ಯರು ಬ್ರ್ಯಾಂಡ್ ಬಿಟ್ಟು ಔಷಧದ ಮೂಲ ಹೆಸರನ್ನು (ಇಲ್ಲಿ ಎಂಪಾಗ್ಲಿಫ್ಲೋಜಿನ್ ಎಂದು) ಬರೆದುಬಿಟ್ಟರೆ ನಮ್ಮ ಕೈಗೆ ಕಟ್ಟು ಇರುವುದಿಲ್ಲ.

ಇನ್ನು ಬೆಲೆಯ ಒಳಗುಟ್ಟು. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಮಾತ್ರೆಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಂತೆ ಗರಿಷ್ಠ ಬೆಲೆಯನ್ನು ಸರ್ಕಾರ ನಿಗದಿ ಮಾಡುತ್ತದೆ. ಮಾರುಕಟ್ಟೆಯಲ್ಲಿ ಶೇ. 1ಕ್ಕಿಂತ ಕಡಿಮೆಯಿಲ್ಲದ ಪಾಲು ಹೊಂದಿರುವ ಬ್ರ್ಯಾಂಡುಗಳು ಅಂಗಡಿಯವನಿಗೆ ಬೀಳುವ ಬೆಲೆಯ ಸರಾಸರಿ ತೆಗೆದು, ಅದಕ್ಕೆ ನಮ್ಮ ಶೇ. 16ರ ಲಾಭಾಂಶವನ್ನು ಸೇರಿಸಿದರೆ ಆ ಮಿತಿ ಸಿಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ಏರಿದಷ್ಟು ಅದನ್ನು ಏರಿಸಬಹುದು: 2023ರಲ್ಲಿ ಶೇ. 12ಕ್ಕೂ ಹೆಚ್ಚು ಏರಿತು, 2024ರಲ್ಲಿ ಏರಿಕೆ ಹೆಚ್ಚುಕಡಿಮೆ ಸೊನ್ನೆ. ನಿಮ್ಮ ಪಟ್ಟಿಯ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟಾನ್, ಅಟೊರ್ವಾಸ್ಟಾಟಿನ್, ಲೆವೊಥೈರಾಕ್ಸಿನ್ ಈ ಪಟ್ಟಿಗೆ ಸೇರಿದ ಔಷಧಗಳು. ಪಟ್ಟಿಯಲ್ಲಿ ಇಲ್ಲದ ಔಷಧದ ಆರಂಭದ ಬೆಲೆಯನ್ನು ಕಂಪನಿಯೇ ಇಡುತ್ತದೆ, ಆಮೇಲೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬುದಷ್ಟೇ ನಿರ್ಬಂಧ.

ನಮ್ಮ ಕಸುಬಿನ ಕೊಳೆಯನ್ನೂ ಹೇಳಿಬಿಡುತ್ತೇನೆ. ಪೇಟೆಂಟ್ ಮುಗಿದ ಔಷಧವನ್ನು ಬೇರೆ ಕಂಪನಿಗಳು ತಯಾರಿಸಿದರೆ ಅದನ್ನು ಜೆನೆರಿಕ್ ಎನ್ನುತ್ತಾರೆ. ಅದರಲ್ಲಿ ‘ಟ್ರೇಡ್ ಜೆನೆರಿಕ್’ ಎಂಬ ಒಂದು ಜಾತಿಯಿದೆ. ಕಂಪನಿ ಪ್ರತಿನಿಧಿಗಳನ್ನು ವೈದ್ಯರ ಬಳಿಗೆ ಕಳಿಸದೆ ನೇರವಾಗಿ ಸಗಟುದಾರರ ಮೂಲಕ ಅಂಗಡಿಗೆ ತಳ್ಳುವ ಮಾಲು ಅದು. ನಮಗೆ ಬಹಳ ಅಗ್ಗವಾಗಿ ಬೀಳುತ್ತದೆ, ಮೇಲಿನ ಎಂಆರ್‌ಪಿ ಮಾತ್ರ ಬ್ರ್ಯಾಂಡಿನಷ್ಟೇ ಇರುತ್ತದೆ. ‘ಜೆನೆರಿಕ್ ಕೊಟ್ಟಿದ್ದೇನೆ’ ಎಂದು ಹೇಳಿ ಪೂರ್ತಿ ಎಂಆರ್‌ಪಿ ತೆಗೆದುಕೊಳ್ಳುವವರೂ ನಮ್ಮಲ್ಲಿದ್ದಾರೆ. ಆದ್ದರಿಂದ ‘ಜೆನೆರಿಕ್’ ಎಂಬ ಪದಕ್ಕೆ ಮರುಳಾಗದೆ ಮಾತ್ರೆಯೊಂದಕ್ಕೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ. ಗಣಿತದ ಮೇಷ್ಟ್ರಾಗಿದ್ದರೆ ನಿಮಗೆ ಕಷ್ಟವಾಗಲಾರದು.

ಗಡಿಯಾರ ಕಂಬ

ಫಾರ್ಮಸಿಸ್ಟ್ ಸರ್ ಅವರಿಗೆ ಒಂದು ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತಲ್ಲವೇ? ಅದಾಗಿ ಎರಡು ತಿಂಗಳು ಕಳೆದರೂ ನಮ್ಮ ಅಂಗಡಿಯಲ್ಲಿ ಹಳೆಯ ಬೆಲೆಯನ್ನೇ ತೆಗೆದುಕೊಂಡರು, ಕೇಳಿದರೆ ‘ಸ್ಟ್ರಿಪ್ಪಿನ ಮೇಲೆ ಅಚ್ಚಾಗಿರುವುದೇ ಅಷ್ಟು’ ಎಂದರು. ಅದು ಸರಿಯೇ?

ಬೆಣ್ಣೆನಗರಿ ಫಾರ್ಮಸಿಸ್ಟ್

ಸರಿಯಲ್ಲ. ಹಳೆಯ ದಾಸ್ತಾನಿನ ಮೇಲೆ ಹಳೆಯ ಬೆಲೆ ಅಚ್ಚಾಗಿದ್ದರೂ ಹೊಸ ತೆರಿಗೆಗೆ ಇಳಿಸಿಯೇ ಮಾರಬೇಕಿತ್ತು. ಹಾಗೆಂದೇ ಕಂಪನಿಗಳು ಪರಿಷ್ಕೃತ ಬೆಲೆಪಟ್ಟಿಗಳನ್ನು ಕಳಿಸಿದ್ದವು. ಲೆಕ್ಕ ಸುಲಭ: ಶೇ. 12 ತೆರಿಗೆ ಸೇರಿ 112 ರೂಪಾಯಿ ಇದ್ದದ್ದು 105 ಆಗಬೇಕು. ಇನ್ಸುಲಿನ್‌ನಂಥ ಕೆಲವಕ್ಕೆ ಮೊದಲೇ ಶೇ. 5 ಇದ್ದುದರಿಂದ ಅವುಗಳಲ್ಲಿ ವ್ಯತ್ಯಾಸ ಕಾಣದು. ಬಿಲ್ಲು ಕೇಳಿ ಪಡೆಯಿರಿ, ತೆರಿಗೆಯ ದರ ಅದರಲ್ಲಿ ಕಾಣಿಸುತ್ತದೆ.

ತಾಲ್ಲೂಕು ಆಸ್ಪತ್ರೆ ಡಾಕ್ಟರಮ್ಮ

ಮೇಷ್ಟ್ರಿಗೆ ನಮಸ್ಕಾರ. ನಾನು ಹಾಸನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆ. ಫಾರ್ಮಸಿಸ್ಟರು ಬೆಲೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಮಾತ್ರೆ ಬದಲಿಸುವಾಗ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಹೊರರೋಗಿ ವಿಭಾಗದಲ್ಲಿ ದಿನವೂ ನೋಡುವವಳಾಗಿ ಕೆಲವು ಮಾತುಗಳನ್ನು ಸೇರಿಸಬೇಕೆನಿಸಿತು.

ಮೊದಲನೆಯದಾಗಿ ಲೆವೊಥೈರಾಕ್ಸಿನ್. ಥೈರಾಯ್ಡ್ ಮಾತ್ರೆ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವುಗಳಲ್ಲಿ ಸಾಕಷ್ಟು ಎಂಬುದಕ್ಕೂ ಹೆಚ್ಚಾಯಿತು ಎಂಬುದಕ್ಕೂ ನಡುವಿನ ಅಂತರ ಬಹಳ ಕಿರಿದು. ಒಂದು ಬ್ರ್ಯಾಂಡಿಗೆ ದೇಹ ಹೊಂದಿಕೊಂಡಿದ್ದರೆ ಅದನ್ನು ಅಲುಗಾಡಿಸಬೇಡಿ. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಆರೇಳು ವಾರಗಳ ನಂತರ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಅದರ ಡಬ್ಬಿಯೂ ದುಬಾರಿಯದಲ್ಲ, ಅಲ್ಲಿ ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಹಾಗೆಯೇ, ಬೆಳಗಿನ ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಕನಿಷ್ಠ ನಾಲ್ಕು ಗಂಟೆಗಳ ಅಂತರ ಇರಬೇಕು. ನಿಮ್ಮ ಅಂಗಡಿಯವರು ಕ್ಯಾಲ್ಸಿಯಂ ಮೇಲೆ ಏನೆಂದು ಬರೆದಿದ್ದಾರೆಂದು ನೋಡಿ.

ಎರಡನೆಯದು ಆ ನರದ ವಿಟಮಿನ್. ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, ಔಷಧ ತಯಾರಿಕೆಯ ಪರವಾನಗಿ ಸಂಖ್ಯೆಯ ಬದಲು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಇದ್ದರೆ ಕಾನೂನಿನ ಕಣ್ಣಿಗೆ ಅದು ಔಷಧವೇ ಅಲ್ಲ, ಆಹಾರ ಪೂರಕ. ಔಷಧ ಬೆಲೆ ನಿಯಂತ್ರಣ ಅದಕ್ಕೆ ಅನ್ವಯಿಸುವುದಿಲ್ಲ. ಹತ್ತು ಹದಿನೈದು ಬಗೆಯ ವಿಟಮಿನ್, ಖನಿಜಗಳನ್ನು ಬೆರೆಸಿ ಒಂದಕ್ಕೆ ಇಪ್ಪತ್ತು ರೂಪಾಯಿಗೂ ಮೇಲೆ ಮಾರುವ ಇಂಥ ಮಾತ್ರೆಗಳು ನಮ್ಮ ಚೀಟಿಗಳಲ್ಲಿ ಬೇಕಾಬಿಟ್ಟಿ ಸೇರಿಕೊಂಡಿವೆ ಎಂಬುದನ್ನು ವೈದ್ಯಳಾಗಿಯೇ ಒಪ್ಪಿಕೊಳ್ಳುತ್ತೇನೆ. ಆದರೆ ತಾಯಿಯವರ ವಿಷಯದಲ್ಲಿ ದುಡುಕಿ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ಅನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದುಂಟು, ಪಾದ ಜುಮುಗುಟ್ಟುವುದಕ್ಕೆ ಅದೂ ಕಾರಣವಾಗಬಹುದು. ಬಿ12 ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಬಿ12 ಒಂದನ್ನೇ ಕೊಡುವ ಸರಳ ಮಾತ್ರೆ ಸಾಕಾಗಬಹುದೇ ಎಂದು ನಿಮ್ಮ ವೈದ್ಯರನ್ನೇ ಕೇಳಿ.

ಜೆನೆರಿಕ್ ಮಾತ್ರೆಯ ಗುಣಮಟ್ಟದ ಬಗ್ಗೆ ‘ಎಲ್ಲವೂ ಒಂದೇ’ ಎಂದು ಎದೆ ತಟ್ಟಿ ಹೇಳುವವರನ್ನೂ ‘ಎಲ್ಲವೂ ಸೀಮೆಸುಣ್ಣ’ ಎನ್ನುವವರನ್ನೂ ನಾನು ನಂಬುವುದಿಲ್ಲ. ಒಂದು ಕಂಪನಿಯ ಮಾತ್ರೆ ಮೂಲ ಮಾತ್ರೆಯಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆಯೆಂದು ಪರೀಕ್ಷಿಸಿ ತೋರಿಸುವುದು 2017ರ ಏಪ್ರಿಲ್‌ಗೆ ಮುಂಚೆ ಎಲ್ಲ ತಯಾರಕರಿಗೂ ಕಡ್ಡಾಯವಾಗಿರಲಿಲ್ಲ. ಆ ವರ್ಷ ನಿಯಮಕ್ಕೆ ತಿದ್ದುಪಡಿ ತಂದು, ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ಮಾತ್ರೆಗಳಿಗೆ ಇದನ್ನು ಕಡ್ಡಾಯ ಮಾಡಿದರು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ವೈದ್ಯರೆಲ್ಲರೂ ಜೆನೆರಿಕ್ ಹೆಸರನ್ನೇ, ಅಂದರೆ ಔಷಧದ ಮೂಲ ಹೆಸರನ್ನೇ, ಬರೆಯಬೇಕು, ತಪ್ಪಿದರೆ ಶಿಸ್ತುಕ್ರಮ ಎಂಬ ನಿಯಮವನ್ನು ಹೊರಡಿಸಿ, ವೈದ್ಯರ ಸಂಘಗಳ ವಿರೋಧ ಬಂದ ಮೇಲೆ ಅದೇ ತಿಂಗಳು ತಡೆಹಿಡಿಯಿತು. ಗುಣಮಟ್ಟದ ಹೊಣೆಯನ್ನು ಯಾರೂ ಹೊರದೆ ಬರೆಯುವ ಹೊಣೆಯನ್ನಷ್ಟೇ ನಮ್ಮ ಮೇಲೆ ಹಾಕುತ್ತಾರೆ ಎಂಬುದು ಆಗ ನಮ್ಮವರ ಆಕ್ಷೇಪವಾಗಿತ್ತು. ಅದರಲ್ಲಿ ಅರ್ಧ ಸತ್ಯವಿತ್ತು, ಇನ್ನರ್ಧ ಅಭ್ಯಾಸಬಲ.

ಕೊನೆಯದಾಗಿ, ನನಗೆ ಅತಿ ಮುಖ್ಯವೆನಿಸುವ ಮಾತು. ಬ್ರ್ಯಾಂಡ್ ಬದಲಾದರೆ ಮಾತ್ರೆಯ ಬಣ್ಣ, ಆಕಾರ, ಹೆಸರು ಎಲ್ಲವೂ ಬದಲಾಗುತ್ತದೆ. ಹೋದ ವರ್ಷ ಬಂದ ಒಬ್ಬ ಅಜ್ಜನವರು ಹಳೆಯ ಸ್ಟ್ರಿಪ್ಪಿನ ಬಿಪಿ ಮಾತ್ರೆಯನ್ನೂ ಹೊಸ ಹೆಸರಿನ ಅದೇ ಬಿಪಿ ಮಾತ್ರೆಯನ್ನೂ ಎರಡು ಬೇರೆ ಔಷಧಗಳೆಂದು ತಿಳಿದು ಹತ್ತು ದಿನ ಒಟ್ಟಿಗೆ ನುಂಗಿ, ತಲೆ ತಿರುಗಿ ಬಚ್ಚಲಿನಲ್ಲಿ ಬಿದ್ದಿದ್ದರು. ಹೊಸದು ಮನೆಗೆ ಬಂದ ದಿನವೇ ಹಳೆಯದು ಡಬ್ಬಿಯಿಂದ ಹೊರಗೆ ಹೋಗಬೇಕು. ಒಂದು ತಿಂಗಳಿಗೆ ಒಂದೇ ಮಾತ್ರೆಯನ್ನು ಬದಲಿಸಿ, ಎಲ್ಲವನ್ನೂ ಒಮ್ಮೆಗೇ ಅಲ್ಲ.

ಕಡಲಾಚೆಯ ಮಲೆನಾಡಿಗ

ಡಾಕ್ಟರ್ ಮೇಡಂ ಹೇಳಿದ ಕೊನೆಯ ಮಾತಿಗೆ ನನ್ನದೂ ಒಂದು ಸಾಕ್ಷಿ. ನಾನು ನ್ಯೂಜೆರ್ಸಿಯಲ್ಲಿದ್ದೇನೆ, ತಂದೆ ತಾಯಿ ಶಿವಮೊಗ್ಗದಲ್ಲಿದ್ದಾರೆ. ದೂರದಲ್ಲಿರುವ ಮಗನ ಅಪರಾಧಿ ಭಾವಕ್ಕೆ ಹೇಳಿ ಮಾಡಿಸಿದಂತೆ ಒಂದು ಆ್ಯಪಿನಲ್ಲಿ ‘ಪ್ರತಿ ತಿಂಗಳು ತಾನಾಗಿ ಕಳಿಸು’ ಎಂಬ ಸೌಲಭ್ಯವಿತ್ತು. ಚೀಟಿಯ ಚಿತ್ರವನ್ನು ಏರಿಸಿ, ಕಾರ್ಡಿನ ವಿವರವನ್ನು ಕೊಟ್ಟು ನಿಶ್ಚಿಂತನಾದೆ. ಒಂದು ವರ್ಷ ಏನೂ ತೊಂದರೆಯಾಗಲಿಲ್ಲ.

ಆಮೇಲೆ ಅಪ್ಪನ ಕಾಲು ಊದಿಕೊಳ್ಳುತ್ತಿದೆಯೆಂದು ವೈದ್ಯರು ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯನ್ನು ನಿಲ್ಲಿಸಿ ಬೇರೆ ಮಾತ್ರೆಯನ್ನು ಬರೆದರು. ಹೊಸದನ್ನು ಅಮ್ಮ ಅಂಗಡಿಯಿಂದ ತಂದರು. ಆ್ಯಪ್ ಮಾತ್ರ ಹಳೆಯ ಚೀಟಿಯ ಪ್ರಕಾರ ತಿಂಗಳು ತಪ್ಪದೆ ಅಮ್ಲೋಡಿಪಿನ್ ಕಳಿಸುತ್ತಲೇ ಇತ್ತು. ‘ಮಗ ಕಳಿಸಿದ್ದಾನೆ ಎಂದರೆ ಕೇಳಿಯೇ ಕಳಿಸಿರುತ್ತಾನೆ’ ಎಂದು ಅಪ್ಪ ಎರಡು ತಿಂಗಳು ಅದನ್ನೂ ತೆಗೆದುಕೊಂಡರು. ಊತ ಇಳಿಯದೆ ಪುನಃ ವೈದ್ಯರ ಬಳಿಗೆ ಹೋದಾಗಲೇ ವಿಷಯ ಹೊರಬಿದ್ದದ್ದು. ತಪ್ಪು ಆ್ಯಪಿನದೆಂದು ಪೂರ್ತಿಯಾಗಿ ಹೇಳಲಾರೆ, ಸೌಲಭ್ಯವನ್ನು ನಿಲ್ಲಿಸಬೇಕಾದವನು ನಾನೇ. ಆದರೆ ಬೀದಿಯ ಅಂಗಡಿಯವರಾಗಿದ್ದರೆ ‘ಏನಮ್ಮ, ಇದನ್ನು ಬಿಡಿಸಿದ್ದರಲ್ಲ?’ ಎಂದು ಒಂದು ಮಾತು ಕೇಳುತ್ತಿದ್ದರು. ಆನ್‌ಲೈನ್ ಔಷಧ ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಕರಡು ನಿಯಮಗಳನ್ನು ಪ್ರಕಟಿಸಿತ್ತು. ವರ್ಷಗಳು ಉರುಳಿದರೂ ಅವು ಕರಡಾಗಿಯೇ ಉಳಿದವು.

ಈಗ ನಾವು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಅಮ್ಮ ಹೊಸ ಚೀಟಿಯ ಚಿತ್ರವನ್ನು ಅಂಗಡಿಯವರಿಗೂ ನನಗೂ ವಾಟ್ಸ್‌ಆ್ಯಪ್ ಮಾಡುತ್ತಾರೆ, ಅವರು ಬಿಲ್ಲನ್ನು ಕಳಿಸುತ್ತಾರೆ, ನಾನು ಯುಪಿಐ ಮೂಲಕ ಹಣ ಹಾಕುತ್ತೇನೆ, ಹುಡುಗನೊಬ್ಬ ಮನೆಗೆ ತಂದುಕೊಡುತ್ತಾನೆ. ತಂತ್ರಜ್ಞಾನ ಎಂದರೆ ಇಷ್ಟು ಸಾಕು ಎಂಬ ಮಟ್ಟಕ್ಕೆ ನಾನು ಬಂದಿದ್ದೇನೆ, ಸಾಫ್ಟ್‌ವೇರ್ ಕೆಲಸ ಮಾಡುವವನು ಹೀಗೆ ಬರೆಯುವುದು ತಮಾಷೆಯೇ ಸರಿ. ಅಂದ ಹಾಗೆ, ಎಂಆರ್‌ಪಿಯನ್ನು ಬೈಯುವ ಮುನ್ನ ಒಂದು ಮಾತು: ಇಲ್ಲಿ ನಮಗೆ ಕೊಡುವ ಔಷಧದ ಡಬ್ಬಿಯ ಮೇಲೆ ಬೆಲೆಯ ಅಚ್ಚೇ ಇರುವುದಿಲ್ಲ. ಒಂದೇ ಮಾತ್ರೆಗೆ ವಿಮೆಯ ಮೂಲಕ ಒಂದು ಬೆಲೆ, ಫೋನಿನ ಕೂಪನ್ ತೋರಿಸಿದರೆ ಇನ್ನೊಂದು ಬೆಲೆ. ವಿಮೆಯನ್ನು ಪಕ್ಕಕ್ಕಿಟ್ಟು ಕೂಪನ್‌ನಲ್ಲಿ ಕೊಂಡದ್ದೇ ಅಗ್ಗವಾದ ಪ್ರಸಂಗಗಳು ನನಗೇ ಆಗಿವೆ.

ಮಲಪ್ರಭಾ ದಂಡೆ

ಮೇಷ್ಟ್ರು ಕೇಳಿದ ಮೂರನೆಯ ದಾರಿಯ ಬಗ್ಗೆ ಯಾರೂ ಬರೆಯಲಿಲ್ಲವೆಂದು ನಾನು ಬರೆಯುತ್ತಿದ್ದೇನೆ. ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಸಮೀಪದ ಜನೌಷಧಿ ಕೇಂದ್ರಕ್ಕೆ ಇಪ್ಪತ್ತೆರಡು ಕಿಲೋಮೀಟರ್ ಬಸ್ಸಿನ ಹಾದಿ. ಅಲ್ಲಿಯ ಬೆಲೆಯ ಬಗ್ಗೆ ಎರಡು ಮಾತಿಲ್ಲ. ನನ್ನ ಬಿಪಿ ಮತ್ತು ಕೊಲೆಸ್ಟ್ರಾಲ್ ಗುಳಿಗೆಗಳಿಗೆ ಹೊರಗೆ ಕೊಡುತ್ತಿದ್ದುದರ ಕಾಲುಭಾಗವೂ ಆಗುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಬ್ರ್ಯಾಂಡ್ ಇರುವುದಿಲ್ಲ, ಔಷಧದ ಹೆಸರಷ್ಟೇ ಇರುತ್ತದೆ. ತೊಂದರೆಯಿರುವುದು ದಾಸ್ತಾನಿನಲ್ಲಿ. ಹೋದ ದಿನ ಮೂರರಲ್ಲಿ ಒಂದು ಇರುವುದಿಲ್ಲ, ಇನ್ನೊಂದು ‘ಬರೋದೈತಿ’ ಎನ್ನುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಹೋದವನಿಗೆ ಆ ಉಳಿತಾಯ ಬಸ್‌ಸ್ಟ್ಯಾಂಡಿನಲ್ಲೇ ಕರಗಿಹೋಗುತ್ತದೆ.

ನಾವು ಕಂಡುಕೊಂಡ ಉಪಾಯವೆಂದರೆ, ಕೇಂದ್ರದವರ ಫೋನ್ ಸಂಖ್ಯೆಯನ್ನು ಇಟ್ಟುಕೊಂಡು ಹಿಂದಿನ ದಿನ ಕೇಳುವುದು, ‘ಜನೌಷಧಿ ಸುಗಮ್’ ಆ್ಯಪಿನಲ್ಲಿ ಬೆಲೆಯನ್ನು ನೋಡಿಕೊಳ್ಳುವುದು, ನಾಲ್ಕು ಮನೆಗಳ ಚೀಟಿಗಳನ್ನು ಒಟ್ಟು ಮಾಡಿ ನನ್ನ ಮನೆಯಾಕೆಯನ್ನು ಕಳಿಸುವುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಬಸ್ಸಿನ ಟಿಕೆಟ್ ಇಲ್ಲ, ನನಗೆ ಇದೆ. ಎರಡು ಸರ್ಕಾರಗಳ ಎರಡು ಯೋಜನೆಗಳು ನಮ್ಮ ಮನೆಯ ಗುಳಿಗೆ ಡಬ್ಬಿಯಲ್ಲಿ ಹೀಗೆ ಕೂಡಿವೆ. 2025ರ ಮೇ ತಿಂಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧವನ್ನು ಉಚಿತವಾಗಿ ಕೊಡುತ್ತಿರುವಾಗ ಅವುಗಳ ಆವರಣದಲ್ಲಿ ಜನೌಷಧಿ ಕೇಂದ್ರ ಬೇಡವೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿ, ಆ ವಿಷಯ ಹೈಕೋರ್ಟಿನವರೆಗೆ ಹೋದಾಗ ನಾವು ಗಾಬರಿಯಾಗಿದ್ದೆವು. ಉಚಿತ ಔಷಧ ಇರುವುದು ನಿಜ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನನ್ನ ತಮ್ಮನಿಗೆ ಸಕ್ಕರೆ ಗುಳಿಗೆ ಕೊಡುತ್ತಾರೆ. ಅಲ್ಲಿ ಇಲ್ಲದ ದಿನ ಇಲ್ಲಿ, ಇಲ್ಲಿ ಇಲ್ಲದ ದಿನ ಅಲ್ಲಿ ಎಂದು ಎರಡನ್ನೂ ಹಿಡಿದುಕೊಂಡು ಬದುಕುವವರು ನಾವು.

ಬೆಣ್ಣೆನಗರಿ ಫಾರ್ಮಸಿಸ್ಟ್

ಮಲಪ್ರಭಾ ದಂಡೆಯವರು ಸ್ಟ್ರಿಪ್ಪಿನ ಮೇಲಿನ ಅಚ್ಚಿನ ಮಾತು ತೆಗೆದದ್ದಕ್ಕೆ ಒಂದು ವಿಷಯ ನೆನಪಾಯಿತು. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಔಷಧದ ಮೂಲ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಕಾಣುತ್ತದೆ. ಬಿಡಿ ಮಾತ್ರೆ ಕೊಳ್ಳುವವರು ಮಾತ್ರ ಗಮನಿಸಬೇಕು: ಕತ್ತರಿಸಿದ ತುಂಡಿನಲ್ಲಿ ಬ್ಯಾಚ್ ಸಂಖ್ಯೆಯೂ ದಿನಾಂಕವೂ ಬಾರದೇ ಹೋಗಬಹುದು. ಒಳ್ಳೆಯ ಅಂಗಡಿಯವನು ದಿನಾಂಕವಿಲ್ಲದ ತುದಿಯಿಂದ ಕತ್ತರಿಸುತ್ತಾ ಬಂದು ದಿನಾಂಕದ ತುಂಡನ್ನು ಕೊನೆಯವರೆಗೆ ಉಳಿಸಿಕೊಳ್ಳುತ್ತಾನೆ. ಕತ್ತರಿ ಎಲ್ಲಿ ಆಡುತ್ತದೆ ಎಂಬುದನ್ನು ನೋಡಿಯೇ ಅಂಗಡಿಯನ್ನು ಅಳೆಯಬಹುದು.

ತುಮಕೂರು ಮೇಷ್ಟ್ರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಎಲ್ಲರ ಉತ್ತರಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಅಮ್ಮನನ್ನು ಕರೆದುಕೊಂಡು ಹೋಗಿ ನಮ್ಮ ವೈದ್ಯರನ್ನು ಕಂಡೆ. ಅವರು ಬೇಸರಿಸಿಕೊಳ್ಳಬಹುದೆಂಬ ಅಳುಕಿತ್ತು. ಹಾಗೇನೂ ಆಗಲಿಲ್ಲ. ‘ಎರಡು ವರ್ಷದಿಂದ ಹಳೆಯ ಚೀಟಿಯನ್ನೇ ಮುಂದುವರಿಸಿ ಎಂದು ಬರೆಯುತ್ತಾ ಬಂದಿದ್ದೇನೆ’ ಎಂದು ತಾವೇ ಹೇಳಿ, ಎಂಪಾಗ್ಲಿಫ್ಲೋಜಿನ್ಅನ್ನು ಮೂಲ ಹೆಸರಿನಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟರು. ಬಿ12 ಪರೀಕ್ಷೆಯಲ್ಲಿ ಕೊರತೆ ಕಂಡಿತು. ನರದ ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಇದ್ದದ್ದು ಆಹಾರ ಪರವಾನಗಿಯೇ, ಅದರ ಜಾಗಕ್ಕೆ ಸರಳವಾದ ಬಿ12 ಮಾತ್ರೆ ಬಂದಿದೆ. ಥೈರಾಯ್ಡ್ ಮಾತ್ರೆಯನ್ನು ಮುಟ್ಟಿಲ್ಲ.

ಅದೇ ಚೀಟಿಯನ್ನು ನಮ್ಮ ಬೀದಿಯ ಅಂಗಡಿಗೇ ಒಯ್ದೆ. ಅವರು ನನ್ನ ಮುಖವನ್ನೂ ಚೀಟಿಯನ್ನೂ ಎರಡೆರಡು ಸಲ ನೋಡಿ, ಮರುದಿನ ಸಂಜೆಗೆ ಒಂದಕ್ಕೆ 12 ರೂಪಾಯಿಯೂ ಆಗದ ಬ್ರ್ಯಾಂಡನ್ನು ತರಿಸಿಕೊಟ್ಟರು. ‘ಮೊದಲೇ ಹೇಳಬಹುದಿತ್ತಲ್ಲ?’ ಎಂದು ಕೇಳಬೇಕೆಂದುಕೊಂಡಿದ್ದೆ, ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಈ ತಿಂಗಳ ಬಿಲ್ಲು 1,430 ರೂಪಾಯಿ. ಹಣವನ್ನು ಯುಪಿಐನಲ್ಲೇ ಕೊಟ್ಟು ಬಿಲ್ಲನ್ನು ಕೇಳಿ ಪಡೆದಿದ್ದೇನೆ. ಆರೋಗ್ಯ ವಿಮೆ ಇಲ್ಲದ ಹಿರಿಯ ನಾಗರಿಕರ ಔಷಧ ಖರ್ಚಿಗೆ ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ 50,000 ರೂಪಾಯಿವರೆಗೆ ವಿನಾಯಿತಿ ಇದೆ, ಅದು ನಗದು ಕೊಟ್ಟರೆ ದಕ್ಕುವುದಿಲ್ಲ ಎಂದು ಶಾಲೆಯ ಗುಮಾಸ್ತರು ಎಚ್ಚರಿಸಿದ್ದರು. ಇಷ್ಟು ವರ್ಷ ನಗದನ್ನೇ ಎಣಿಸಿ ಕೊಟ್ಟದ್ದನ್ನು ನೆನೆದು ಈಗ ಹೊಟ್ಟೆ ಉರಿಯುತ್ತದೆ.

ಡಾಕ್ಟರ್ ಮೇಡಂ, ಕ್ಯಾಲ್ಸಿಯಂ ಸ್ಟ್ರಿಪ್ಪಿನ ಮೇಲೆ ಅಂಗಡಿಯವರು ‘ಮಧ್ಯಾಹ್ನ ಊಟ ಆದ ಮೇಲೆ ಮಾತ್ರ’ ಎಂದು ಬರೆದು ‘ಮಾತ್ರ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅಮ್ಮನನ್ನು ಕೇಳಿದರೆ, ಹಾಗೆ ಬರೆಯಲು ಶುರುಮಾಡಿ ಐದು ವರ್ಷವಾಯಿತಂತೆ. ಮನೆಯಲ್ಲಿ ಉಳಿದಿದ್ದ ಹಳೆಯ ಬ್ರ್ಯಾಂಡಿನ ಹನ್ನೊಂದು ಮಾತ್ರೆಗಳನ್ನು ಮುಗಿಸಿದ ಮೇಲೆಯೇ ಹೊಸದನ್ನು ಡಬ್ಬಿಗೆ ಹಾಕಿದೆ, ಅರವತ್ತು ರೂಪಾಯಿಯದನ್ನು ಎಸೆಯಲು ಅಮ್ಮ ಒಪ್ಪಲಿಲ್ಲ. ಜನೌಷಧಿ ಕೇಂದ್ರಕ್ಕೆ ಇನ್ನೂ ಹೋಗಿಲ್ಲ. ಮುಂದಿನ ತಿಂಗಳು ಕೊಲೆಸ್ಟ್ರಾಲ್ ಮಾತ್ರೆಯೊಂದನ್ನು ಅಲ್ಲಿಂದ ತಂದು ನೋಡುತ್ತೇನೆ, ಪೆನ್ನನ್ನು ನಾನೇ ಹಿಡಿಯಬೇಕಾಗುತ್ತದೆ.